ಎಪಿ ಇಂಗ್ಲಿಷ್ ಲ್ಯಾಂಗ್ವೇಜ್: ಏನು ಓದಿಸುತ್ತಾರೆ, ಏನು ಬರೆಸುತ್ತಾರೆ, ಅಂಕ ಎಲ್ಲಿ ಹೋಗುತ್ತದೆ?

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಆಗಸ್ಟಿನಲ್ಲಿ 11ನೇ ತರಗತಿಗೆ ಹೋಗುತ್ತಾಳೆ, ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಅಮೆರಿಕದ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಇಂಗ್ಲಿಷ್ ಲ್ಯಾಂಗ್ವೇಜ್ ತೆಗೆದುಕೊಂಡಿದ್ದಾಳೆ. ಹತ್ತನೆಯದರಲ್ಲಿ ಆನರ್ಸ್ ಇಂಗ್ಲಿಷಿಗೆ ಎ ಬಂದಿತ್ತು. ವರ್ಷವಿಡೀ ಏನು ಮಾಡಿಸುತ್ತಾರೆ? ವಾರಕ್ಕೆ ಎಷ್ಟು ಹೊತ್ತು ಬೇಕು? ಮೇ ತಿಂಗಳ ಪರೀಕ್ಷೆಯಲ್ಲಿ ಏನೇನಿರುತ್ತದೆ? ಬೇಸಿಗೆ ರಜೆಗೆ ಒಂದು ಪುಸ್ತಕ, ಜೊತೆಗೆ ಡೈಯಲೆಕ್ಟಿಕಲ್ ಜರ್ನಲ್ ಕೊಟ್ಟಿದ್ದಾರೆ. ಅದನ್ನು ಹೇಗೆ ಬರೆಯಬೇಕು? ಟ್ಯೂಷನ್ ಬೇಕಾ? ಮನೆಯಲ್ಲಿ ನಾವಿಬ್ಬರೂ ಎಂಜಿನಿಯರ್‌ಗಳು. ಎಸ್ಸೆ ವಿಚಾರದಲ್ಲಿ ನಮ್ಮಿಂದ ಏನು ಸಹಾಯ ಆದೀತು ಅಂತಲೂ ತಿಳಿಸಿ.

ಬಿಳಿಹಾಳೆ

ಎಪಿ ಲ್ಯಾಂಗ್ ಪಾಠ ಮಾಡುವವಳಾಗಿ ಬರೆಯುತ್ತಿದ್ದೇನೆ. ಇದನ್ನು ಆನರ್ಸಿನ ಮುಂದಿನ ಮೆಟ್ಟಿಲು ಅಂದುಕೊಂಡರೆ ಸೆಪ್ಟೆಂಬರಿನಲ್ಲೇ ಮಕ್ಕಳಿಗೆ ದಿಕ್ಕು ತಪ್ಪುತ್ತದೆ. 9, 10ರಲ್ಲಿ ಕಾದಂಬರಿ, ನಾಟಕ ಓದಿ ಪಾತ್ರ ಹೇಗಿದೆ, ಆಶಯ ಏನು ಅಂತ ಬರೆದಿರುತ್ತಾರೆ. ಇಲ್ಲಿ ಓದುವುದು ಬಹುಪಾಲು ಕಥೆಯಲ್ಲದ ಗದ್ಯ: ಭಾಷಣ, ಪತ್ರ, ಸಂಪಾದಕೀಯ, ಪ್ರಬಂಧ, ಆತ್ಮಕಥೆಯ ತುಣುಕು. ಕೇಳುವ ಪ್ರಶ್ನೆಯೂ ಬೇರೆ. ಲೇಖಕ ಏನು ಹೇಳಿದ ಎಂಬುದು ಆರಂಭ ಅಷ್ಟೇ. ಯಾರಿಗೆ ಹೇಳಿದ, ಆ ಹೊತ್ತಿನಲ್ಲೇ ಯಾಕೆ ಹೇಳಿದ, ಆ ಓದುಗರನ್ನು ಒಪ್ಪಿಸಲು ಈ ಪದ, ಈ ಉದಾಹರಣೆ, ಈ ಕ್ರಮವನ್ನೇ ಯಾಕೆ ಆರಿಸಿಕೊಂಡ, ಇದೇ ಇಡೀ ವರ್ಷದ ಕೆಲಸ.

ಪರೀಕ್ಷೆ ಒಟ್ಟು 3 ಗಂಟೆ 15 ನಿಮಿಷ. ಮೊದಲ ಭಾಗ 1 ಗಂಟೆ, 45 ಬಹು ಆಯ್ಕೆ ಪ್ರಶ್ನೆ, ಒಟ್ಟು ಅಂಕದ 45%. ಎರಡನೆಯದು 2 ಗಂಟೆ 15 ನಿಮಿಷ, ಮೂರು ಎಸ್ಸೆ, 55%. ಅದರಲ್ಲಿ 15 ನಿಮಿಷ ಓದಲು, ಉಳಿದದ್ದು ಎಸ್ಸೆಗೆ 40 ನಿಮಿಷದಂತೆ. ಮೂರೂ ಎಸ್ಸೆಗೆ ಗಡಿಯಾರ ಒಂದೇ, ಆದ್ದರಿಂದ ಮೊದಲನೆಯದಕ್ಕೆ 55 ನಿಮಿಷ ಸುರಿದವರಿಗೆ ಕೊನೆಯದಕ್ಕೆ ಬರೀ 25 ಉಳಿಯುತ್ತದೆ. ನಾನು ಕಂಡ ಮಟ್ಟಿಗೆ ಅಂಕ ಸೋರಿಹೋಗುವ ದೊಡ್ಡ ಜಾಗ ಇದೇ. 2025ರ ಮೇ ತಿಂಗಳಿಂದ ಪರೀಕ್ಷೆ ಪೂರ್ತಿ ಅದನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಬ್ಲೂಬುಕ್ ಆ್ಯಪಿನಲ್ಲಿ ನಡೆಯುತ್ತಿದೆ, ಎಸ್ಸೆ ಟೈಪ್ ಮಾಡಬೇಕು. ಬಹು ಆಯ್ಕೆಯಲ್ಲಿ ಈಗ ಐದರ ಬದಲು ನಾಲ್ಕು ಉತ್ತರಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು.

ಮೂರು ಎಸ್ಸೆಗಳು ಇವು. ಸಿಂಥೆಸಿಸ್‌ನಲ್ಲಿ ಒಂದು ವಿಷಯದ ಮೇಲೆ ಆರು ಆಕರಗಳನ್ನು ಕೊಡುತ್ತಾರೆ, ಚಿತ್ರ ಮತ್ತು ಅಂಕಿಅಂಶದ ಗ್ರಾಫ್ ಕೂಡ ಅದರಲ್ಲಿರುತ್ತದೆ. ಕಡೇಪಕ್ಷ ಮೂರನ್ನು ಬಳಸಿ ತನ್ನ ವಾದ ಕಟ್ಟಬೇಕು. ರೆಟರಿಕಲ್ ಅನಾಲಿಸಿಸ್‌ನಲ್ಲಿ ಒಂದು ಗದ್ಯಭಾಗ ಕೊಟ್ಟು ಲೇಖಕನ ಆಯ್ಕೆಗಳನ್ನು ವಿಶ್ಲೇಷಿಸಲು ಹೇಳುತ್ತಾರೆ. ಆರ್ಗ್ಯುಮೆಂಟ್‌ನಲ್ಲಿ ಏನೂ ಕೊಡುವುದಿಲ್ಲ. ಒಂದು ಹೇಳಿಕೆಯ ಬಗ್ಗೆ ತನ್ನ ನಿಲುವು ಹೇಳಿ, ಪುರಾವೆಯನ್ನು ತಾನೇ ನೆನಪಿನಿಂದ ತರಬೇಕು.

ವಾರದ ಕೆಲಸ ಶಾಲೆಯಿಂದ ಶಾಲೆಗೆ ಬೇರೆ. ತರಗತಿ ಬಿಟ್ಟು ನಾಲ್ಕೈದು ಗಂಟೆ ಇಟ್ಟುಕೊಂಡರೆ ಸರಿಹೋಗುತ್ತದೆ: ಒಂದೆರಡು ಲೇಖನ ಓದಿ ಅಂಚಿನಲ್ಲಿ ಟಿಪ್ಪಣಿ ಮಾಡುವುದು, ಎಪಿ ಕ್ಲಾಸ್‌ರೂಮ್ ಎಂಬ ಕಾಲೇಜ್ ಬೋರ್ಡಿನ ಆನ್‌ಲೈನ್ ತಾಣದ ಅಭ್ಯಾಸ ಪ್ರಶ್ನೆಗಳು, ವಾರಕ್ಕೋ ಹದಿನೈದು ದಿನಕ್ಕೋ ಒಂದು 40 ನಿಮಿಷದ ಎಸ್ಸೆ, ಹಿಂದೆ ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು. ಕೊನೆಯದನ್ನು ಮಕ್ಕಳು ಹಾರಿಸಿಬಿಡುತ್ತಾರೆ. ಬರವಣಿಗೆ ಬೆಳೆಯುವುದು ಅಲ್ಲೇ. ಹೊಸ ಎಸ್ಸೆ ಹತ್ತು ಬರೆಯುವುದಕ್ಕಿಂತ ಮೂರು ಎಸ್ಸೆಗಳನ್ನು ಎರಡೆರಡು ಸಲ ತಿದ್ದಿದರೆ ಹೆಚ್ಚು ಪ್ರಯೋಜನ.

ಧಾರವಾಡದ ಶಾಲ್ಮಲಾ

ಅಕ್ಕಾರ, ಅಂಕದ ಲೆಕ್ಕಾ ಮೊದಲ ತಿಳಕೋರಿ, ಆಮ್ಯಾಲೆ ಎಲ್ಲಿ ಜೋರು ಹಾಕಬೇಕು ಅನ್ನೂದು ತಾನ ಗೊತ್ತಾಗ್ತದ. ಒಂದೊಂದು ಎಸ್ಸೇಕ್ಕ 6 ಅಂಕ. ಥೀಸಿಸ್‌ಗೆ (ಎಸ್ಸೇದ ಮುಖ್ಯ ನಿಲುವು ಹೇಳೂ ಮಾತು) 1, ಪುರಾವೆ ಮತ್ತ ಅದರ ವಿವರಣೆಗೆ 4, ಸೊಫಿಸ್ಟಿಕೇಷನ್ ಅಂತ 1. ಮೂರು ಎಸ್ಸೆ ಕೂಡಿ 18 ಅಂಕ, ಅವಕ್ಕ 55% ತೂಕ. ಅಂದ್ರ ಎಸ್ಸೇದ ಒಂದು ಅಂಕಕ್ಕ ಸುಮಾರು 3% ಬಂತು. ಬಹು ಆಯ್ಕೆ ಒಂದು ಪ್ರಶ್ನೆಗೆ 1% ಅಷ್ಟ. ಮೂರೂ ಎಸ್ಸೆದಾಗ ವಿವರಣೆ 2 ರಿಂದ 3 ಕ್ಕ ಏರಿದ್ರ, ಒಂಬತ್ತು ಬಹು ಆಯ್ಕೆ ಪ್ರಶ್ನೆ ಸರಿ ಮಾಡಿದಷ್ಟ ಆತು.

ಥೀಸಿಸ್ ಅಂಕ ಎಲ್ಲಾರಿಗೂ ಸಿಗೂವಂಥಾದ್ದು, ಆದ್ರೂ ಕಳಕೋತಾರ. ಯಾಕಂದ್ರ ಪ್ರಶ್ನೆದಾಗಿನ ಮಾತನ್ನ ತಿರುಗಿಸಿ ಬರದಿರ್ತಾರ. 'ಈ ವಿಷಯಕ್ಕ ಎರಡೂ ಮಗ್ಗಲು ಅದಾವು' ಅಂತ ಬರದು ಅಲ್ಲೇ ನಿಂತ್ರ ಅಂಕ ಇಲ್ರೀ. ನಿಲುವು ಬೇಕು. ಥೀಸಿಸ್ ಮೊದಲನೇ ಪ್ಯಾರಾದಾಗ ಇರಬೇಕು ಅಂತ ನಿಯಮ ಇಲ್ಲ, ಎಸ್ಸೆದಾಗ ಎಲ್ಲಿದ್ರೂ ಅಂಕ ಕೊಡ್ತಾರ. ಆದ್ರ ಮೊದಲ ಬರದ್ರ ಬರಿಯಾವ್ರಿಗೇ ದಾರಿ ಸಿಗ್ತದ.

ಸೊಫಿಸ್ಟಿಕೇಷನ್ ಅಂಕದ ಬೆನ್ನ ಹತ್ತಬ್ಯಾಡ್ರಿ. ದೊಡ್ಡ ದೊಡ್ಡ ಶಬ್ದಾ ಹಾಕಿದ್ರ ಬರೂದಲ್ಲ ಅದು. ವಾದದೊಳಗಿನ ತೊಡಕು ಏನು, ಅದರ ಮಿತಿ ಎಲ್ಲಿ ಅದ, ಇದನ್ನ ಇಡೀ ಎಸ್ಸೆ ತುಂಬ ಹಿಡಕೊಂಡು ಹೋದ್ರ ಸಿಗ್ತದ. ಕಡೀಗೆ ಒಂದ ಸಾಲು ಅಂಟಿಸಿದ್ರ ಸಿಗೂದಿಲ್ಲ.

ಫ್ರೀಮಾಂಟ್ ಅಮ್ಮ

ಇಬ್ಬರಿಗೂ ಧನ್ಯವಾದ. ಆ ನಾಲ್ಕು ಅಂಕದ 'ವಿವರಣೆ', ಕಾಮೆಂಟರಿ ಅಂತಾರಲ್ಲ, ಅದು ನನಗೆ ಇನ್ನೂ ಸ್ಪಷ್ಟವಾಗಿಲ್ಲ. ಪುರಾವೆ ಕೊಟ್ಟ ಮೇಲೆ ಇನ್ನೇನು ವಿವರಿಸಬೇಕು?

ಬಿಳಿಹಾಳೆ

ಇದೊಂದು ಅರ್ಥವಾದರೆ ಕೋರ್ಸಿನ ಅರ್ಧ ಅರ್ಥವಾದಂತೆ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಬಹಳಷ್ಟು ಎಪಿ ಲ್ಯಾಂಗ್ ತರಗತಿಗಳಲ್ಲಿ ಓದಿಸುವ ಒಂದು ಬರಹ ತೆಗೆದುಕೊಳ್ಳೋಣ: ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಅಲಬಾಮಾದ ಎಂಟು ಮಂದಿ ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟು, ಆ ಪ್ರತಿಭಟನೆಗಳು ವಿವೇಕದ್ದಲ್ಲ, ಸಮಯೋಚಿತವೂ ಅಲ್ಲ ಅಂದಿದ್ದರು. ಪತ್ರ ಅವರಿಗೆ ಉತ್ತರ. ಬರೆಯಲು ಒತ್ತಾಯಿಸಿದ ಸಂದರ್ಭ ಆ ಹೇಳಿಕೆ, ಎದುರಿಗಿರುವ ಓದುಗರು ಧರ್ಮಗುರುಗಳು, ಅವರ ಹಿಂದೆ 'ಸ್ವಲ್ಪ ತಾಳಿ' ಅನ್ನುವ ಮಧ್ಯಮಮಾರ್ಗದ ಬಿಳಿಯರು. ಇಷ್ಟನ್ನು ಗುರುತಿಸದೆ ವಿಶ್ಲೇಷಣೆಗೆ ಇಳಿಯಬಾರದು.

ಈಗ ಒಬ್ಬ ವಿದ್ಯಾರ್ಥಿ ಹೀಗೆ ಬರೆದ ಅಂದುಕೊಳ್ಳಿ: 'ಕಿಂಗ್ ಪುನರಾವರ್ತನೆಯನ್ನು ಬಳಸುತ್ತಾರೆ. ಇದರಿಂದ ಅವರ ಮಾತು ಪರಿಣಾಮಕಾರಿಯಾಗುತ್ತದೆ, ಓದುಗರ ಮನಸ್ಸಿಗೆ ತಟ್ಟುತ್ತದೆ.' ಇದು ಯಾವ ಭಾಷಣಕ್ಕೂ ಹೊಂದುವ ಮಾತು. ಕಿಂಗ್ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ವಾಕ್ಯ ಕೆಡುವುದಿಲ್ಲ. ತಂತ್ರದ ಹೆಸರು ಹೇಳಿದ್ದಾನೆ, ಕೆಲಸ ತೋರಿಸಿಲ್ಲ. ನಾಲ್ಕರಲ್ಲಿ ಒಂದೋ ಎರಡೋ ಬರುತ್ತದೆ.

ಇನ್ನೊಬ್ಬಳು ಹೀಗೆ ಬರೆಯುತ್ತಾಳೆ: 'ತಾಳಿ ಎಂದವರಿಗೆ ಉತ್ತರವಾಗಿ ಕಿಂಗ್ ಮುನ್ನೂರಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯದಲ್ಲಿ ಅನ್ಯಾಯಗಳನ್ನು ಒಂದರ ಮೇಲೊಂದು ಪೇರಿಸುತ್ತ, ಮುಖ್ಯ ಮಾತನ್ನು ಕೊನೆಯವರೆಗೂ ತಡೆಹಿಡಿಯುತ್ತಾರೆ. ಕಾಯಲು ಹೇಳಿದ ಧರ್ಮಗುರುಗಳೇ ಆ ವಾಕ್ಯ ಮುಗಿಯಲಿ ಎಂದು ಕಾಯಬೇಕಾಗುತ್ತದೆ. ಹಾಗೆ ಕಾಯುವಾಗ ಆಗುವ ಸಂಕಟದಿಂದಲೇ, ತಲೆಮಾರುಗಳಿಂದ ಕಾದವರಿಗೆ ಅವರು ಕೊಟ್ಟ ಸಲಹೆ ಎಷ್ಟು ಕಠೋರ ಎಂದು ತಿಳಿಯುತ್ತದೆ.' ಇಲ್ಲಿ ಆಯ್ಕೆ, ಓದುಗ, ಉದ್ದೇಶ ಮೂರೂ ಕೊಂಡಿ ಹಾಕಿಕೊಂಡಿವೆ. ಇದೇ ಕಾಮೆಂಟರಿ.

ಅದೇ ಪತ್ರದಲ್ಲಿ ಕಿಂಗ್ ಸಂತ ಆಗಸ್ಟೀನ್, ಥಾಮಸ್ ಅಕ್ವಿನಾಸ್ ಅವರ ಮಾತನ್ನು ಆಧಾರವಾಗಿ ತರುತ್ತಾರೆ. 'ಪ್ರಸಿದ್ಧರ ಹೆಸರು ಹೇಳಿ ನಂಬಿಕೆ ಗಳಿಸುತ್ತಾರೆ' ಅಂತ ಬರೆದರೆ ಮತ್ತೆ ಅದೇ ಪೊಳ್ಳು. ಓದುಗರು ಧರ್ಮಗುರುಗಳು. ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬುದನ್ನು ತಳ್ಳಿಹಾಕಬೇಕಾದರೆ ಅವರು ತಮ್ಮದೇ ಪರಂಪರೆಯ ಆಚಾರ್ಯರನ್ನು ತಳ್ಳಿಹಾಕಬೇಕು. ಅಷ್ಟು ದೂರ ಬರೆದಾಗ ಮೂರು, ನಾಲ್ಕು ಅಂಕದ ಮಾತು ಬರುತ್ತದೆ. ನಾಲ್ಕು ಬೇಕಾದರೆ ಒಂದೇ ಆಯ್ಕೆ ಸಾಲದು, ಒಂದಕ್ಕಿಂತ ಹೆಚ್ಚಿನದನ್ನು ಹೀಗೆ ವಿವರಿಸಿ, ಅವೆಲ್ಲ ಒಂದೇ ವಾದದ ಸರಣಿಯಲ್ಲಿ ಬರಬೇಕು.

ಉಲ್ಲೇಖ ಚಿಕ್ಕದಿರಲಿ. ನಾಲ್ಕು ಸಾಲು ಎತ್ತಿ ಬರೆದು ಒಂದು ಸಾಲು ವಿವರಿಸಿದರೆ ಲೆಕ್ಕ ತಲೆಕೆಳಗಾಯಿತು. ಮೂರು, ನಾಲ್ಕು ಪದ ಎತ್ತಿ ಎರಡು, ಮೂರು ವಾಕ್ಯ ವಿವರಿಸಬೇಕು.

ಎಡಿಸನ್ ವಾಚಕ

ಬಿಳಿಹಾಳೆ ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಪ್ಯಾರಾಗಳನ್ನು ತಂತ್ರದ ಪ್ರಕಾರ ವಿಂಗಡಿಸಬೇಡಿ: ಒಂದು ರೂಪಕಕ್ಕೆ, ಒಂದು ಪುನರಾವರ್ತನೆಗೆ, ಒಂದು ಧ್ವನಿಗೆ ಅಂತ. ಗದ್ಯಭಾಗ ಸಾಗಿದ ಹಾಗೆ ಬರೆಯಿರಿ. ಮೊದಲು ಲೇಖಕ ಏನು ಮಾಡಿದ, ನಡುವೆ ಎಲ್ಲಿ ತಿರುಗಿದ, ಕೊನೆಗೆ ಓದುಗರನ್ನು ಎಲ್ಲಿಗೆ ತಂದು ನಿಲ್ಲಿಸಿದ. ಹೀಗೆ ಬರೆದರೆ ವಾದದ ಸರಣಿ ತಾನಾಗಿ ಬರುತ್ತದೆ. ಒಳ್ಳೆಯ ಬರಹಗಾರರು ಸ್ವರ ಬದಲಿಸುವ ಜಾಗ ಒಂದಿದ್ದೇ ಇರುತ್ತದೆ. 'ಆದರೆ', 'ಆದರೂ' ಎಂಬರ್ಥದ ಪದ ಕಂಡಲ್ಲಿ ಗೆರೆ ಎಳೆದುಕೊಳ್ಳಲಿ.

ಮೈಸೂರು_ರಸ್ತೆ

ಇದಕ್ಕೆ ನನ್ನ ಒಪ್ಪಿಗೆ ಪೂರ್ತಿ ಇಲ್ಲ ಸರ್. ಅನುಭವಿ ಬರಹಗಾರರಿಗೆ ನೀವು ಹೇಳಿದ ಕ್ರಮ ಸರಿ. ಆದರೆ ಸೆಪ್ಟೆಂಬರಿನಲ್ಲಿ ಶುರುಮಾಡುವ ಮಕ್ಕಳು ಗದ್ಯಭಾಗದ ಕ್ರಮ ಹಿಡಿದರೆ ಸಾರಾಂಶಕ್ಕೆ ಜಾರುತ್ತಾರೆ: 'ಮೊದಲು ಹೀಗೆ ಹೇಳಿದರು, ನಂತರ ಹಾಗೆ ಹೇಳಿದರು'. ಮೊದಲ ಎರಡು ತಿಂಗಳು ಒಂದು ಪ್ಯಾರಾಕ್ಕೆ ಒಂದು ಆಯ್ಕೆ ಅಂತ ಕಟ್ಟುಹಾಕಿ ಬರೆಸಿ, ಕಾಮೆಂಟರಿ ಗಟ್ಟಿಯಾದ ಮೇಲೆ ಬಿಡುವುದು ಕ್ಷೇಮ.

ಎಡಿಸನ್ ವಾಚಕ

ಆ ಅಪಾಯ ನಿಜ. ಅದಕ್ಕೆ ತಡೆ ಒಂದಿದೆ. ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲಿ ಲೇಖಕ ಮಾಡಿದ ಕೆಲಸದ ಕ್ರಿಯಾಪದ ಇರಬೇಕು. 'ಹೇಳುತ್ತಾರೆ' ಅಲ್ಲ. ಒಪ್ಪಿಕೊಂಡು ಬಿಟ್ಟುಕೊಡುತ್ತಾರೆ, ಎದುರುಬದುರು ಇಡುತ್ತಾರೆ, ಎಚ್ಚರಿಸುತ್ತಾರೆ, ಹೊಣೆ ಹೊರಿಸುತ್ತಾರೆ. ಅಂಥ ಕ್ರಿಯಾಪದ ಬಂದರೆ ಸಾರಾಂಶ ಬರೆಯಲು ಜಾಗ ಉಳಿಯುವುದಿಲ್ಲ. ಆದರೂ ಶುರುವಿಗೆ ನಿಮ್ಮ ಕ್ರಮ ಸುಲಭ ಅನ್ನುವುದನ್ನು ಒಪ್ಪುತ್ತೇನೆ.

ಸಿಂಥೆಸಿಸ್ ಬಗ್ಗೆ ಯಾರೂ ಬರೆದಿಲ್ಲ. ಆಕರ ಓದುವ ಮುಂಚೆಯೇ ಪ್ರಶ್ನೆ ಓದಿ, ತನಗೆ ಏನನ್ನಿಸುತ್ತದೆ ಅಂತ ಒಂದು ಸಾಲು ಬರೆದುಕೊಳ್ಳಲಿ. ಆಮೇಲೆ ಓದುತ್ತ ಪ್ರತಿ ಆಕರಕ್ಕೂ ಪರ, ವಿರೋಧ, ಅಥವಾ 'ಹೌದು, ಆದರೆ' ಅಂತ ಗುರುತು ಹಾಕಲಿ. ಬರೆಯುವಾಗ ಆಗುವ ದೊಡ್ಡ ತಪ್ಪು ಆಕರಕ್ಕೊಂದು ಪ್ಯಾರಾ ಕೊಡುವುದು. ಆಗ ಎಸ್ಸೆ ಆಕರಗಳ ವರದಿಯಾಗುತ್ತದೆ, ವಿದ್ಯಾರ್ಥಿಯ ವಾದ ಕಾಣೆಯಾಗುತ್ತದೆ. ಪ್ಯಾರಾ ತನ್ನದೇ ಕಾರಣದಿಂದ ಶುರುವಾಗಲಿ, ಒಳಗೆ ಎರಡು ಆಕರ ಒಂದಕ್ಕೊಂದು ಮಾತಾಡಲಿ: ಆಕರ ಬಿ ಹೇಳಿದ್ದನ್ನು ಆಕರ ಡಿಯ ಗ್ರಾಫಿನ ಅಂಕಿ ಬೆಂಬಲಿಸುತ್ತದೋ, ಪ್ರಶ್ನಿಸುತ್ತದೋ. ಎರಡೇ ಆಕರ ಬಳಸಿದರೆ ಪುರಾವೆ, ವಿವರಣೆಯ ಆ ನಾಲ್ಕು ಅಂಕದಲ್ಲಿ ಒಂದಕ್ಕಿಂತ ಮೇಲೆ ಹೋಗಲಾಗುವುದಿಲ್ಲ. ಮೂರು ಕಡ್ಡಾಯ ಆದ್ದರಿಂದ ನಾಲ್ಕನ್ನು ಬಳಸುವುದು ಜಾಣತನ. ಒಂದನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರೂ ಮೂರು ಉಳಿಯುತ್ತವೆ. ಆಕರ ಯಾವುದು ಅಂತ ಅಕ್ಷರದಿಂದಲೋ ಲೇಖಕರ ಹೆಸರಿನಿಂದಲೋ ಸೂಚಿಸುವುದನ್ನು ಮರೆಯಬಾರದು.

ಶಿರಸಿ_ಸೊಪ್ಪು

ಆರ್ಗ್ಯುಮೆಂಟ್ ಎಸ್ಸೆಗೆ ಒಂದು ಮಾತು. ಪುರಾವೆ ಅಮೆರಿಕದ ಇತಿಹಾಸದಿಂದಲೇ ಬರಬೇಕು ಅಂತ ಎಲ್ಲೂ ಇಲ್ಲ. ಮಕ್ಕಳು ಹತ್ತರಲ್ಲಿ ಎಂಟು ಜನ ಅದೇ ರೋಸಾ ಪಾರ್ಕ್ಸ್, ಅದೇ ಗಾಂಧಿ, ಅದೂ ಎರಡು ಸಾಲು ಮೇಲ್ಮೇಲೆ. ಹೆಸರು ದೊಡ್ಡದಿದ್ದರೆ ಸಾಲದು, ವಿವರ ಬೇಕು. ಅಸಹಕಾರದ ಬಗ್ಗೆ ಪ್ರಶ್ನೆ ಬಂದರೆ ಅಪ್ಪಿಕೋ ಚಳವಳಿ ತೆಗೆದುಕೊಳ್ಳಬಹುದಲ್ಲ: 1983ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಸಾಲ್ಕಣಿ ಕಾಡಿನಲ್ಲಿ ಹಳ್ಳಿಯವರು ಮರ ತಬ್ಬಿ ನಿಂತು ಕಡಿತ ತಡೆದರು. ಓದುವವರಿಗೆ ಗೊತ್ತಿರಲಾರದು, ಆದ್ದರಿಂದ ಎಲ್ಲಿ, ಯಾರು, ಯಾಕೆ ಅಂತ ಒಂದೇ ವಾಕ್ಯದಲ್ಲಿ ಹೇಳಿ, ಮುಂದಿನ ಮೂರು ವಾಕ್ಯದಲ್ಲಿ ಅದು ತನ್ನ ವಾದಕ್ಕೆ ಯಾಕೆ ಪುರಾವೆ ಅಂತ ತೋರಿಸಬೇಕು. ನಮ್ಮ ಮಕ್ಕಳಿಗೆ ಎರಡು ನೆಲದ ತಿಳಿವಳಿಕೆ ಇದೆ, ಅದನ್ನು ಮನೆಯಲ್ಲೇ ಬಿಟ್ಟು ಪರೀಕ್ಷೆಗೆ ಹೋಗುವುದು ನನಗೆ ಬೇಸರ ತರುತ್ತದೆ.

ಇತಿಹಾಸ, ವಿಜ್ಞಾನ, ಈಚಿನ ವಿದ್ಯಮಾನ, ಓದಿದ ಪುಸ್ತಕ, ಸುತ್ತಲಿನ ಊರು, ಹೀಗೆ ಒಂದೊಂದಕ್ಕೆ ಮೂರು, ನಾಲ್ಕು ಉದಾಹರಣೆ ವಿವರ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಸೇರಿಸುತ್ತ ಹೋಗಲಿ. ಪರೀಕ್ಷೆಯ ಹೊತ್ತಿಗೆ ಹದಿನೈದು ಆದರೆ ಧಾರಾಳ.

ಮೈಸೂರು_ರಸ್ತೆ

ಬಹು ಆಯ್ಕೆ ಭಾಗ: ಐದು ಗುಂಪು, ಎರಡು ಓದಿನವು, ಮೂರು ಬರವಣಿಗೆಯವು. ಗುಂಪಿಗೆ ಸರಾಸರಿ 12 ನಿಮಿಷ. ಬರವಣಿಗೆಯವು ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ವ್ಯಾಕರಣದಂಥವಲ್ಲ. ಒಬ್ಬರ ಕರಡು ಕೊಟ್ಟು, ಇಲ್ಲಿ ಈ ಉದ್ದೇಶಕ್ಕೆ ಯಾವ ವಾಕ್ಯ ಸೇರಿಸಿದರೆ ಸರಿ ಅಂತ ಕೇಳುತ್ತಾರೆ. ನಾಲ್ಕೂ ವಾಕ್ಯ ಚೆನ್ನಾಗಿಯೇ ಇರುತ್ತವೆ, ಪ್ರಶ್ನೆಯಲ್ಲಿ ಹೇಳಿದ ಉದ್ದೇಶ ಪೂರೈಸುವುದು ಒಂದೇ. ಉದ್ದೇಶದ ಪದಗಳ ಕೆಳಗೆ ಗೆರೆ ಎಳೆಯದೆ ಉತ್ತರ ನೋಡಿದವರು ಸೊಗಸಾದ ವಾಕ್ಯ ಆರಿಸಿ ತಪ್ಪುತ್ತಾರೆ. ಓದಿನ ಗುಂಪಿನಲ್ಲಿ 19ನೇ ಶತಮಾನದ ಗದ್ಯ ಬಂದರೆ ಉದ್ದ ವಾಕ್ಯಗಳೇ ತಡೆ. ಅದಕ್ಕೆ ವಾರಕ್ಕೆ ಒಂದು ಪುಟ ಹಳೆಯ ಗದ್ಯ ಗಟ್ಟಿಯಾಗಿ ಓದಿ, ಪ್ರತಿ ವಾಕ್ಯದ ಕರ್ತೃ, ಕ್ರಿಯಾಪದ ಗುರುತಿಸುವ ಅಭ್ಯಾಸ ಬೇಕು.

ಬೇಸಿಗೆಯ ಡೈಯಲೆಕ್ಟಿಕಲ್ ಜರ್ನಲ್: ಎಡಗಡೆ ಪುಸ್ತಕದ ಸಾಲು, ಪುಟಸಂಖ್ಯೆ ಸಮೇತ. ಬಲಗಡೆ ಅದಕ್ಕೆ ಪ್ರತಿಕ್ರಿಯೆ. ಬಲಗಡೆ ಸಾರಾಂಶ ಬರೆದರೆ ಅಂಕ ಹೋಗುತ್ತದೆ. ಲೇಖಕ ಇಲ್ಲಿ ಈ ಅಂಕಿಯನ್ನು ಯಾಕೆ ಕೊಟ್ಟ, ಈ ವಾದದಲ್ಲಿ ಎಲ್ಲಿ ಬಿರುಕಿದೆ, ಹಿಂದಿನ ಅಧ್ಯಾಯಕ್ಕೆ ಇದು ಹೇಗೆ ಸೇರುತ್ತದೆ, ಇಂಥದ್ದು ಬರೆಯಬೇಕು. ಸಾಲುಗಳನ್ನು ಇಡೀ ಪುಸ್ತಕದಿಂದ ಆರಿಸಲಿ. ಎಲ್ಲವೂ ಮೊದಲ ಐವತ್ತು ಪುಟದಿಂದಲೇ ಬಂದಿದ್ದರೆ ಶಿಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ.

ಜಯನಗರ 4ನೇ ಬ್ಲಾಕ್

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಬೆಂಗಳೂರಿನಲ್ಲಿ ಮಗ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಓದುತ್ತಿದ್ದಾನೆ, ಇಂಗ್ಲಿಷ್ ಎ ಲ್ಯಾಂಗ್ವೇಜ್ ಅಂಡ್ ಲಿಟರೇಚರ್, ಹೈಯರ್ ಲೆವೆಲ್. ಇಲ್ಲಿ ಹೇಳಿದ್ದು ಅದಕ್ಕೂ ಅನ್ವಯಿಸುತ್ತದಾ?

ಎಡಿಸನ್ ವಾಚಕ

ವಿಶ್ಲೇಷಣೆಯ ಭಾಗ ಅನ್ವಯಿಸುತ್ತದೆ, ರಚನೆ ಬೇರೆ. ಹೈಯರ್ ಲೆವೆಲ್‌ನಲ್ಲಿ ಪೇಪರ್ 1ಕ್ಕೆ 35%, ಹಿಂದೆ ನೋಡಿರದ ಎರಡು ಪಠ್ಯಗಳ ವಿಶ್ಲೇಷಣೆ, 2 ಗಂಟೆ 15 ನಿಮಿಷ. ಪೇಪರ್ 2ಕ್ಕೆ 25%, ಎರಡು ಸಾಹಿತ್ಯ ಕೃತಿಗಳ ತುಲನೆ. ಇಂಡಿವಿಜುವಲ್ ಓರಲ್ 20%: 10 ನಿಮಿಷ ಮಾತು, 5 ನಿಮಿಷ ಪ್ರಶ್ನೋತ್ತರ. ಉಳಿದ 20% ಎಚ್‌ಎಲ್ ಎಸ್ಸೆ, 1200 ರಿಂದ 1500 ಪದ, ಮನೆಯಲ್ಲಿ ತಿಂಗಳುಗಟ್ಟಲೆ ಬರೆಯುವಂಥದ್ದು. ಎಪಿಯಲ್ಲಿ ಎಲ್ಲವೂ ಒಂದೇ ಬೆಳಗಿನ ಪರೀಕ್ಷೆ, ಐಬಿಯಲ್ಲಿ ಎರಡು ವರ್ಷಕ್ಕೆ ಹರಡಿದೆ. ಓರಲ್‌ಗೆ ಆರಿಸುವ 'ಜಾಗತಿಕ ಸಮಸ್ಯೆ' ತೀರಾ ಅಗಲವಾದರೆ ಅಲ್ಲೇ ಅಂಕ ಬೀಳುತ್ತದೆ. 'ಲಿಂಗ ಅಸಮಾನತೆ' ಅಂತ ಇಟ್ಟುಕೊಂಡರೆ ಹತ್ತು ನಿಮಿಷದಲ್ಲಿ ಹಿಡಿಯಲಾಗುವುದಿಲ್ಲ. 'ಮನೆಗೆಲಸವನ್ನು ದುಡಿಮೆ ಎಂದು ಲೆಕ್ಕಕ್ಕೆ ಹಿಡಿಯದಿರುವುದು' ಅನ್ನುವಷ್ಟು ಕಿರಿದಾಗಲಿ.

ಫ್ರೀಮಾಂಟ್ ಅಮ್ಮ

ಇನ್ನು ಎರಡು ಕೇಳ್ತೀನಿ. ತರಗತಿಯ ಎಸ್ಸೆಗೆ 6ಕ್ಕೆ 4 ಬಂದರೆ 67%, ಅಂದರೆ ಡಿ ಅಂತ ಅಕ್ಕಪಕ್ಕದವರು ಹೆದರಿಸ್ತಿದಾರೆ. ಮತ್ತೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಈ ಕೋರ್ಸಿನಿಂದ ಏನು ಉಪಯೋಗ?

ಧಾರವಾಡದ ಶಾಲ್ಮಲಾ

ಹೆದರಬ್ಯಾಡ್ರಿ. 6ಕ್ಕ 4 ಅಂದ್ರ ಗಟ್ಟಿ ಎಸ್ಸೆ. ಹೆಚ್ಚಿನ ಶಿಕ್ಷಕರು ಅದನ್ನ ನೇರ ಶೇಕಡಾ ಮಾಡೂದಿಲ್ಲ, ತಮ್ಮದ ಒಂದು ಪರಿವರ್ತನೆ ಪಟ್ಟಿ ಇಟ್ಟಿರ್ತಾರ. ಸಿಲಬಸ್ ಕೊಟ್ಟ ಮೊದಲನೇ ವಾರದಾಗ ಅದನ್ನ ಮಗಳು ಕೇಳಿ ತಿಳಕೊಳ್ಳಲಿ. ತಂದಿ ತಾಯಿ ಇಮೇಲ್ ಮಾಡೂಕಿಂತ ಹುಡುಗಿ ತಾನ ಹೋಗಿ ಕೇಳೂದು ಛಲೋ.

ಯುಸಿ ಲೆಕ್ಕಾ ಹಿಂಗದ: 10, 11ರಾಗಿನ ಎಪಿ ತರಗತಿಗೆ ಎ ಬಂದ್ರ ಗ್ರೇಡ್ ಸರಾಸರಿ (ಜಿಪಿಎ) ಲೆಕ್ಕದಾಗ 4 ಬದಲಿ 5 ಹಿಡೀತಾರ, ಒಟ್ಟು ಎಂಟು ಸೆಮಿಸ್ಟರ್ ತನಕ. ಪರೀಕ್ಷೆದಾಗ 5ಕ್ಕ 3 ಅಥವಾ ಮ್ಯಾಲೆ ಬಂದ್ರ ಯೂನಿಟ್ (ಕಾಲೇಜಿನ ಕ್ರೆಡಿಟ್) ಸಿಗ್ತಾವು. ಆದ್ರ ಯೂನಿಟ್ ಸಿಗೂದು ಬ್ಯಾರೆ, ಬರವಣಿಗೆ ಕೋರ್ಸಿನಿಂದ ವಿನಾಯಿತಿ ಸಿಗೂದು ಬ್ಯಾರೆ, ಅದು ಕ್ಯಾಂಪಸ್ ಮತ್ತ ಮೇಜರ್ ಮ್ಯಾಲೆ ಹೋಗ್ತದ. ಆಯಾ ಕ್ಯಾಂಪಸ್ ಪುಟಾನ ನೋಡ್ರಿ.

ಬಿಳಿಹಾಳೆ

ಟ್ಯೂಷನ್ ಬಗ್ಗೆ: ಮೊದಲ ಸೆಮಿಸ್ಟರ್ ಬೇಡ. ಹಿಂದಿನ ವರ್ಷಗಳ ಎಸ್ಸೆ ಪ್ರಶ್ನೆಗಳು, ವಿದ್ಯಾರ್ಥಿಗಳು ನಿಜವಾಗಿ ಬರೆದ ಉತ್ತರಗಳು, ಅವಕ್ಕೆ ಯಾವ ಅಂಕ ಯಾಕೆ ಕೊಟ್ಟರು ಎಂಬ ಟಿಪ್ಪಣಿ, ಎಲ್ಲ ಕಾಲೇಜ್ ಬೋರ್ಡಿನ ಎಪಿ ಸೆಂಟ್ರಲ್ ಜಾಲತಾಣದಲ್ಲಿ ಉಚಿತ. ಟಿಪ್ಪಣಿ ಮುಚ್ಚಿಟ್ಟು, ಮೂರು ಉತ್ತರಗಳಿಗೆ ಮಗಳೇ ಅಂಕ ಹಾಕಲಿ, ಆಮೇಲೆ ತೆರೆದು ಹೋಲಿಸಲಿ. ಆಗ ರೂಬ್ರಿಕ್, ಅಂದರೆ ಅಂಕ ಕೊಡುವ ಮಾನದಂಡ, ತಲೆಗೆ ಇಳಿಯುತ್ತದೆ.

ನಿಮ್ಮಿಂದ ಆಗುವ ಸಹಾಯ ಎಸ್ಸೆ ತಿದ್ದುವುದಲ್ಲ. ಪೋಷಕರೋ ಎಐ ಉಪಕರಣವೋ ತಿದ್ದಿದ ವಾಕ್ಯ ತರಗತಿಯಲ್ಲಿ ಬರೆದದ್ದಕ್ಕೆ ತಾಳೆಯಾಗುವುದಿಲ್ಲ, ಗೂಗಲ್ ಡಾಕ್ಸ್‌ನಲ್ಲಿ ಹಂತಹಂತದ ಇತಿಹಾಸವನ್ನೂ ಶಿಕ್ಷಕರು ನೋಡುತ್ತಾರೆ. ಅದರ ಬದಲು ಊಟದ ಹೊತ್ತಿನಲ್ಲಿ ಒಂದು ಸಂಪಾದಕೀಯ ತೆಗೆದುಕೊಂಡು ಕನ್ನಡದಲ್ಲೇ ಮಾತಾಡಿ: ಇದನ್ನು ಯಾರಿಗೆ ಬರೆದಿದ್ದಾರೆ, ಈಗಲೇ ಯಾಕೆ ಬರೆದರು, ಒಪ್ಪದವರು ಏನನ್ನುತ್ತಾರೆ? ಎಂಜಿನಿಯರುಗಳಿಗೆ ಇದು ಚೆನ್ನಾಗಿ ಬರುತ್ತದೆ. ಕಾರಣದಿಂದ ತೀರ್ಮಾನಕ್ಕೆ ಹೋಗುವಾಗ ನಡುವೆ ಬಿಟ್ಟ ಹೆಜ್ಜೆ ನಿಮ್ಮ ಕಣ್ಣಿಗೆ ಬೀಳುತ್ತದೆ.

ಫ್ರೀಮಾಂಟ್ ಅಮ್ಮ

ಇದನ್ನು ಇವತ್ತಿನಿಂದಲೇ ಮಾಡಬಹುದು. ಮುಂದಿನ ವರ್ಷ ಎಪಿ ಲಿಟರೇಚರ್ ಅಂತಿದಾಳೆ, ಅದಕ್ಕೂ ಇದೇ ತಯಾರಿ ಸಾಕಾ?

ಎಡಿಸನ್ ವಾಚಕ

ರೂಬ್ರಿಕ್ ಅದೇ 6 ಅಂಕದ್ದು, ಓದು ಪೂರ್ತಿ ಬೇರೆ. 1 ಗಂಟೆಯಲ್ಲಿ 55 ಪ್ರಶ್ನೆ, 2 ಗಂಟೆಯಲ್ಲಿ ಮೂರು ಎಸ್ಸೆ: ಒಂದು ಕವಿತೆ, ಒಂದು ಕಥಾಗದ್ಯ, ಮತ್ತೊಂದು ತಾನೇ ಆರಿಸಿದ ಕೃತಿಯ ಮೇಲೆ. ಕೊನೆಯದಕ್ಕೆ ಪುಸ್ತಕ ಕೈಯಲ್ಲಿರುವುದಿಲ್ಲ. ನಾಲ್ಕೈದು ಕೃತಿಗಳನ್ನು ಪಾತ್ರಗಳ ಹೆಸರು, ಮುಖ್ಯ ದೃಶ್ಯಗಳು, ಮುಕ್ತಾಯದ ಸಮೇತ ಆಳವಾಗಿ ತಿಳಿದಿರಬೇಕು. ಅಲ್ಲಿ ಮಕ್ಕಳು ಸೋಲುವುದು ಕಥೆ ಹೇಳುತ್ತ ಕೂತು. ಈ ವರ್ಷ ಕಾಮೆಂಟರಿ ಕಲಿತರೆ ಅದರಿಂದ ತಪ್ಪಿಸಿಕೊಳ್ಳುತ್ತಾಳೆ.

ಮೈಸೂರು_ರಸ್ತೆ

ಒಂದು ಕಚೇರಿ ಕೆಲಸ ಮರೆಯಬೇಡಿ ಮೇಡಂ. ಶಿಕ್ಷಕರು ಕೊಡುವ ಜಾಯಿನ್ ಕೋಡ್ ಹಾಕಿ ಎಪಿ ಕ್ಲಾಸ್‌ರೂಮಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟಂತಾಗುವುದಿಲ್ಲ. ಶಾಲೆ ಪರೀಕ್ಷೆ ಆರ್ಡರ್ ಮಾಡಬೇಕು, ಅದಕ್ಕೆ ಕಾಲೇಜ್ ಬೋರ್ಡಿನ ಗಡುವು ನವೆಂಬರ್ ಮಧ್ಯಭಾಗ. ಶಾಲೆಗಳು ಹಣ ಕಟ್ಟಲು ಅದಕ್ಕಿಂತ ಮುಂಚಿನ ದಿನಾಂಕ ಇಡುತ್ತವೆ, ಹಲವು ಕಡೆ ಅಕ್ಟೋಬರಿನಲ್ಲೇ. ಗಡುವು ಮೀರಿದರೆ ಶುಲ್ಕದ ಮೇಲೆ 40 ಡಾಲರ್ ಹೆಚ್ಚುವರಿ. ನಂತರ ರದ್ದು ಮಾಡಿದರೂ ಅಷ್ಟೇ ಕಡಿತ. ಶಾಲೆ ಶುರುವಾದ ಕೂಡಲೇ ಕೌನ್ಸೆಲರ್ ಹತ್ತಿರ ದಿನಾಂಕ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.